ಹೆಸರಿನ ಬಾಲ

ಮೋರ್‌ಕಂಬ್‌ನಲ್ಲಿ ಕಡಲಿಗೆ ಬೆನ್ನು ಮಾಡಿ ನಿಂತ ಹೋಟೆಲು,
ಹಿಂದೆ ಯಾವುದೋ ಪತ್ರಿಕೆಯ ಅಚ್ಚುಕೂಟ.
ಗೋಡೆಗಳು ಮೊಳಕ್ಕೂ ದಪ್ಪ,
ಅದಕ್ಕೇ ಮೂರು ಮಹಡಿಗೆ ಎಂಟು ವೈಫೈ ಡಬ್ಬಿ,
ಎಂಟಕ್ಕೂ ಒಂದೇ ಹೆಸರು: ಸ್ಯಾಂಡ್‌ಪೈಪರ್.

ಒಂದೇ ಹೆಸರಿರುವುದು ತಪ್ಪಲ್ಲ.
ರೋಣದ ನಮ್ಮ ಓಣಿಯಲ್ಲಿ ಮೂವರು ದ್ಯಾಮವ್ವರಿದ್ದರು,
ಕರಿ ದ್ಯಾಮವ್ವ, ಗಿಡ್ಡ ದ್ಯಾಮವ್ವ, ಮೂಲಿಮನಿ ದ್ಯಾಮವ್ವ.
"ಯವ್ವಾ ದ್ಯಾಮವ್ವಾ" ಅಂತ ಕೂಗಿದರೆ
ಹತ್ತಿರ ಇದ್ದವಳು ಓ ಅನ್ನುತ್ತಿದ್ದಳು.
ಬಾಯಾರಿ ಬಂದವನಿಗೆ ಮಜ್ಜಿಗೆ ಸಿಕ್ಕರೆ ಸಾಕು,
ಕರಿಯೋ ಗಿಡ್ಡೋ ಅವನಿಗೇನು?
ಫೋನು ಕೂಗುವುದೂ ಹಾಗೆ, ಡಬ್ಬಿ ಓಗೊಡುವುದೂ ಹಾಗೆ.
ಮೆಟ್ಟಿಲು ಹತ್ತುತ್ತ ಹೋದರೆ ನಮ್ಮನ್ನು
ಕಂಕುಳಿಂದ ಕಂಕುಳಿಗೆ ದಾಟಿಸುತ್ತವೆ, ಕೂಸಿನ ಹಾಗೆ.
ಪಟ್ಟಿಯಲ್ಲಿ ಕಾಣಬೇಕಾದ್ದು ಒಂದೇ ಸಾಲು.

ಇಲ್ಲಿ ಎರಡು.
ಸ್ಯಾಂಡ್‌ಪೈಪರ್
ಸ್ಯಾಂಡ್‌ಪೈಪರ್ 

ಮೂರನೆಯ ಮಹಡಿಯ ತಿರುವಿನಲ್ಲಿ
ಲೀಡ್ಸ್‌ನಿಂದ ಬಂದ ಹೆಂಗಸಿನ ಮಾತು ಕಡಿಯಿತು.
ಹಲೋ ಹಲೋ ಎನ್ನುತ್ತ ಆಕೆ
ನಾಲ್ಕು ಮೆಟ್ಟಿಲು ಮೇಲೆ, ನಾಲ್ಕು ಕೆಳಗೆ.
ಮ್ಯಾನೇಜರಳ ಹುಬ್ಬು ಗಂಟು.

ರಾತ್ರಿ ಹತ್ತರಿಂದ ಹುಡುಕಿದೆ.
ಚಾನೆಲ್ ನೋಡಿದೆ, ಪಾಸ್‌ವರ್ಡ್ ನೋಡಿದೆ, ಬೀಗದ ಬಗೆ ನೋಡಿದೆ,
ಪಕ್ಕದ ಮೀನಂಗಡಿಯವರ ಚೇಷ್ಟೆ ಇದ್ದೀತೆಂದು
ಲ್ಯಾಪ್‌ಟಾಪ್ ಎದೆಗವಚಿ ಬೀದಿಗೂ ಇಳಿದೆ.
ಮೀನಂಗಡಿಯ ವೈಫೈಗೆ ಮೀನಂಗಡಿಯದೇ ಹೆಸರು.
ವಾಪಸು ಬಂದು ಎರಡೂ ಸಾಲನ್ನು ಬೆರಳಿಟ್ಟು ಓದಿದೆ,
ಮಗ್ಗಿ ಒಪ್ಪಿಸುವ ಹುಡುಗರಂತೆ, ಅಕ್ಷರಕ್ಕಕ್ಷರ.

ರಾತ್ರಿ ಪಾಳಿಯ ಕ್ಲಿಫರ್ಡ್ ಗಾರ್‌ಸ್ಟಾಂಗ್ ಚಹಾ ತಂದ.
ಎಪ್ಪತ್ತೆರಡರ ಮುದುಕ. ಹದಿನಾರಕ್ಕೆ ಇದೇ ಕಟ್ಟಡದಲ್ಲಿ
ಮೊಳೆ ಜೋಡಿಸಲು ಸೇರಿದವನು.
ತಲೆಕೆಳಗಾದ ಸಾಲು ಓದುವ ಚಟ ಇನ್ನೂ ಬಿಟ್ಟಿಲ್ಲ,
ನನ್ನೆದುರೇ ನಿಂತು ಪರದೆಯನ್ನು ಅತ್ತ ಕಡೆಯಿಂದ ನೋಡಿದ.
"ಸಾಲು ಎಲ್ಲಿಗೆ ಮುಗಿಯುತ್ತೆ?"
ಕೊನೆಯ ಅಕ್ಷರಕ್ಕೆ, ಅಂದೆ.
"ಖಾತ್ರಿಯೇ?"
ಕೋಟಿನ ಜೇಬು ತಡಕಿ ನನ್ನ ಅಂಗೈಗೆ ಏನನ್ನೋ ಹಾಕಿದ,
ನೆಲದ ಹಲಗೆಗಳ ಸಂದಿಯಲ್ಲಿ ಸಿಕ್ಕಿದ್ದಂತೆ,
ಸೀಸದ ಗಿಡ್ಡ ತುಂಡು, ನೆತ್ತಿಯ ಮೇಲೆ ಅಕ್ಷರವಿಲ್ಲ.
"ಇದು ಖಾಲಿ. ಪದ ಪದಗಳ ನಡುವೆ ನಿಲ್ಲಿಸುತ್ತಿದ್ದೆವು.
ಕಾಗದದ ಮೇಲೆ ಮೂಡೋದಿಲ್ಲ. ತೂಗಿ ನೋಡು."

ತೂಗಿತು.

ಹೆಸರುಗಳ ಉದ್ದ ಎಣಿಸಿದೆ.
ಒಂಬತ್ತು, ಒಂಬತ್ತು, ಒಂಬತ್ತು, ಕೆಳಗಿನ ಆರೂ ಒಂಬತ್ತು.
ಮೂರನೆಯ ಮಹಡಿಯವು ಎರಡು,
ಹತ್ತು ಹತ್ತು.
ಹೋದ ತಿಂಗಳು ಅವನ್ನು ಕೂರಿಸಿದ್ದು ಯಾರು?
ನಾನೇ.
ಪದ ಮುಗಿದೊಡನೆ ತಾನಾಗಿ ಬೀಳುವ
ಈ ಹೆಬ್ಬೆರಳು.

ನನಗಾದರೂ ಗೊತ್ತಿರಬೇಕಿತ್ತು.
ಊರಿಗೆ ಮೆಸೇಜು ಬರೆಯುವಾಗ
ಅಕ್ಷರ ಒತ್ತಾಗಿ ಕೆಳಗಿಳಿಯದಂತೆ
ಕಾಣದ ಕೀಲಿಯನ್ನು ಎಷ್ಟು ಸಲ ಒತ್ತಿಲ್ಲ!

ಅಳಿಸಿದೆ. ಏನೂ ಇಲ್ಲದ್ದು ಅಳಿಯಿತು.
ಪಟ್ಟಿ ಒಂದೇ ಸಾಲಾಯಿತು. ಕ್ಲಿಫರ್ಡ್ ಆಕಳಿಸಿದ.

ಬೆಳಿಗ್ಗೆ ಏಳಕ್ಕೆ ಮೇಲಿನಿಂದ ಕರೆ:
"ನಿನ್ನೆಯವರೆಗೆ ಚೆನ್ನಾಗಿತ್ತಲ್ಲ!"
ಹನ್ನೊಂದು ಕೋಣೆಯ ಹನ್ನೊಂದು ಟಿವಿಗಳು
ತಿಂಗಳಿಡೀ ನಂಬಿದ್ದು ಆ ಬಾಲವಿದ್ದ ಹೆಸರನ್ನೇ;
ಈಗ ಓಣಿ ಬಿಟ್ಟು ಹೋದ ದ್ಯಾಮವ್ವಳನ್ನು ಕೂಗುತ್ತಿವೆ.
ಒಂದೊಂದೇ ಬಾಗಿಲು ತಟ್ಟಿದೆ, ಸಾರಿ ಅಂದೆ,
ಪೈಜಾಮದ ಗಂಡಸರ ಮುಂದೆ ಮಂಡಿಯೂರಿ
ಟಿವಿಗಳಿಗೆ ಹೆಸರು ಹೇಳಿಕೊಟ್ಟೆ.

ತುಂಡನ್ನು ಕ್ಲಿಫರ್ಡ್ ವಾಪಸು ಕೇಳಲಿಲ್ಲ.
ಬಾಗಿದಾಗಲೆಲ್ಲ ಜೇಬಿನ ಚಿಲ್ಲರೆಯೊಳಗೆ ಸದ್ದು ಮಾಡುತ್ತದೆ.
ಮೊನ್ನೆ ರೈಲು ನಿಲ್ದಾಣದಲ್ಲಿ ಕಾಫಿಗೆಂದು ಎಣಿಸಿ
ಅದನ್ನೂ ಸೇರಿಸಿ ಕೊಟ್ಟಿದ್ದೆ;
ಹುಡುಗಿ ತಿರುಗಿಸಿ ಮುರುಗಿಸಿ ನೋಡಿ
ಇದರಲ್ಲಿ ಏನೂ ಬರೆದಿಲ್ಲವಲ್ಲ, ಅಂದಳು.