ರೀಡಿಂಗ್

ಮೀಟರ್ ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತೇನೆ.
ಹನ್ನೊಂದು ವರ್ಷದ ರೂಢಿ.
ಒಳಗಿರುವವರಿಗೂ ಗೊತ್ತಾಗಬೇಕಲ್ಲ, ಯಾರೋ ಬಂದರೆಂದು.

ಭದ್ರಾವತಿ, ನ್ಯೂಟೌನಿನ ಕ್ವಾರ್ಟರ್ಸು.
ಸಾಲಿಗೆ ಹನ್ನೆರಡು ಮನೆ, ಅರ್ಧಕ್ಕೆ ಬೀಗ.
ಬೀಗವಿದ್ದಲ್ಲಿ ಯೂನಿಟ್ಟು ಸೊನ್ನೆ,
ಜೇಡ ಮಾತ್ರ ಹಾಜರು.

ಅಂಗೈ ಅಗಲ, ಚಪ್ಪಟೆ ಮೈ, ಹೊಟ್ಟೆಯಡಿ ಬಿಳಿ ಬಿಲ್ಲೆ ಅವಚಿಕೊಂಡಿದ್ದರೆ
ಅದು ಮನೆಯದೇ, ಮೊಟ್ಟೆ ಹೊತ್ತದ್ದು,
ಜಿರಲೆ ತಿಂದು ಬಾಡಿಗೆ ತೀರಿಸುವಂಥದು.
ಬಲೆಯ ನಡುವೆ ಬಿಳಿದಾರದ ಇಂಟು ಮಾರ್ಕು ಹೊಲಿದು
ಕಾಲು ಎರಡೆರಡು ಜೋಡಿಸಿ ಕೂತದ್ದು ಬೇಲಿಯದು.
ಮಾವಿನೆಲೆಯ ಮೇಲೆ ಚಗಳಿ ಒಂಟಿಯಾಗಿ ಓಡಿದರೆ
ಕಾಲು ಎಣಿಸಬೇಕು:
ಆರಾದರೆ ಇರುವೆ. ಎಂಟಾದರೆ ವೇಷ.

ಇದನ್ನೆಲ್ಲ ಕಲಿಸಿದವರು ಸೆಲ್ವರಾಜಣ್ಣ,
ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು.
'ಬಣ್ಣ ನಂಬಬೇಡ ಗುಲ್ನಾಜ್, ಬಣ್ಣ ಸುಳ್ಳು ಹೇಳ್ತದೆ.
ಕಣ್ಣು ನೋಡು. ಎಷ್ಟು ಸಾಲು, ಯಾವ ಜೋಡಿ ದೊಡ್ಡದು.'
ಅವರ ಕಣ್ಣಿಗೆ ಪೊರೆ ಬಂದ ವರ್ಷ
ಹಿತ್ತಾಳೆ ಹಿಡಿಯ ಭೂತಗನ್ನಡಿ ನನ್ನ ಚೀಲ ಸೇರಿತು.

ಮೊನ್ನೆ ಗುರುವಾರ, ಏಳನೇ ಸಾಲು, ರತ್ನಾವತಮ್ಮನವರ ಮನೆ.
ತಟ್ಟಿದೆ, ತೆಗೆದೆ.
ಸೀಸದ ಸೀಲಿನ ಪಕ್ಕ ಒಂದು:
ತಿಳಿಹಳದಿ ಮೈ, ಕಪ್ಪು ಚುಕ್ಕೆ,
ಮುಂಭಾಗವೇ ಗೂನು, ಹೊಟ್ಟೆಗಿಂತ ತಲೆ ಭಾರ.
ಗಾಳಿಯಲ್ಲಿ ಏನನ್ನೋ ತಡಕುವ ಹಾಗೆ
ನಿಧಾನ, ಬಹಳ ನಿಧಾನ, ಒಂದು ಕಾಲು ಎತ್ತಿತು.

ಕನ್ನಡಿ ಹಿಡಿದೆ. ಎರಡು, ಎರಡು, ಎರಡು.
ಮತ್ತೆ ಎಣಿಸಿದೆ. ಆರೇ.
ಉಳಿದೆರಡು ಎಲ್ಲಿ ಎಂದು ಹುಡುಕುತ್ತ ಬಗ್ಗಿದ್ದೇನೆ,
ಹಿಂದಿನಿಂದ ರತ್ನಾವತಮ್ಮ: 'ಕರೆಂಟ್ ಕದ್ದಿಲ್ಲಮ್ಮ ನಾವು!'

ತೋರಿಸಿದೆ. ಪೊರಕೆ ಬಂತು.
'ಉಚ್ಚೆ ಹೊಯ್ದರೆ ಮೈಯೆಲ್ಲ ಗುಳ್ಳೆ ಏಳ್ತದೆ. ಯಾವುದಿದು?'

ಕೈಯಲ್ಲಿದ್ದ ಮಿಷನ್ನಿನಲ್ಲಿ
ಬಾಗಿಲಿಗೆ ಬೀಗ ಅನ್ನುವುದಕ್ಕೆ ಒಂದು ಕೋಡಿದೆ,
ಮೀಟರ್ ಸುಟ್ಟಿದೆ ಅನ್ನುವುದಕ್ಕೆ ಒಂದು,
ನಾಯಿ ಇದೆ ಅನ್ನುವುದಕ್ಕೂ.
'ಗೊತ್ತಿಲ್ಲ' ಅಂದೆ.
ಡ್ಯೂಟಿಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು.

ಫೋನಿನಾಚೆ ಸೆಲ್ವರಾಜಣ್ಣ ಸುಮಾರು ಹೊತ್ತು ಮಾತಾಡಲಿಲ್ಲ.
'ಆರಾ?'
'ಆರು.'
'ಹಾಗಾದ್ರೆ ಸರಿಯಾಗೇ ಎಣಿಸಿದೀಯ. ಆರರವೂ ಇರ್ತಾವೆ.
ಹೆಸರು ನಾಲಿಗೆ ತುದೀಲಿದೆ, ಬರ್ತಾ ಇಲ್ಲ.
ಅವಸರ ಏನು? ಮುಚ್ಚಳ ಮೆಲ್ಲಗೆ ಮುಚ್ಚು.'

ಮುಚ್ಚಿದೆ. ನೂರಾ ನಾಲ್ಕು ಯೂನಿಟ್ಟು.
ರತ್ನಾವತಮ್ಮ ಪೊರಕೆ ಕೆಳಗಿಡದೆಯೇ ಬಿಲ್ಲು ಇಸಿದುಕೊಂಡರು.

ಈ ತಿಂಗಳು ಹೋದರೆ, ಮನೆಯಲ್ಲಿ ಯಾರೂ ಇಲ್ಲ.
ಪೆಟ್ಟಿಗೆಯ ಮೇಲೆ ಸೀಮೆಸುಣ್ಣದ ವಂಕಿವಂಕಿ ಅಕ್ಷರ:
'ಒಳಗಿದೆ. ತಟ್ಟಿ ತೆಗೀರಿ.'