ಹೆಪ್ಪು

ಪಾಷಾಣದ ಪ್ರಯೋಗಶಾಲೆಯಲ್ಲಿ ಕಂಪ್ರೆಸರ್ ಕೆಟ್ಟಿತ್ತು.
ಕರೆದರು, ಹೋದೆ. ರಿಲೇ ಬದಲಿಸಿದೆ, ಗ್ಯಾಸ್ ತುಂಬಿದೆ.
ಮುಳ್ಳು ಇಳಿಯಿತು: ಸೊನ್ನೆ, ಮೈನಸ್ ಹತ್ತು,
ಮೈನಸ್ ಇಪ್ಪತ್ತೆರಡು.

ಪೆಟ್ಟಿಗೆಯ ಮುಚ್ಚಳ ತೆರೆದು
ಓಕ್ ಮೇಡಂ ಒಮ್ಮೆ ಉಸಿರು ಬಿಟ್ಟರು.
ಮೊರದಗಲದ ಮೋಡ.
ಟಾರ್ಚು ಹಿಡಿದರೆ ಬೂದು, ಬರೀ ಬೂದು.
"ಇನ್ನೂ ನೀರೇ," ಅಂದರು.

ನಾನು ಒಪ್ಪಲಿಲ್ಲ.
ಕಸಬಾ ಪೇಟೆಯಿಂದ ಕೋಥ್ರೂಡಿನವರೆಗೆ
ಮೀನಿನವರ, ಕುಲ್ಫಿಯವರ, ರಕ್ತನಿಧಿಯವರ
ಪೆಟ್ಟಿಗೆಗಳ ಹೊಟ್ಟೆ ಬಗೆದವನು ನಾನು.
ಸೊನ್ನೆಗೆ ನೀರು ಕಲ್ಲಾಗದಿದ್ದರೆ
ಯಾವ ಗಿರಾಕಿ ದುಡ್ಡು ಬಿಚ್ಚುತ್ತಾನೆ?

"ನಿಮ್ಮ ತಟ್ಟೆಯ ನೀರಲ್ಲಿ
ಎಲ್ಲೋ ಒಂದು ಕಣ ಇದ್ದೇ ಇರುತ್ತದೆ, ಸಿದ್ರಾಯ.
ಇವು ಬಿಡಿಬಿಡಿ ಹನಿ.
ಒಂದೊಂದಕ್ಕೂ ಕಣ ಎಲ್ಲಿಂದ ತರುವುದು?"

ಬಗ್ಗಿ ನೋಡಿದೆ. ತೋಳಿನಿಂದ ಏನೋ ಉದುರಿತು,
ಚಾಂದಣಿ ಚೌಕದಲ್ಲಿ ರಸ್ತೆ ಅಗೆದ ಧೂಳಿರಬೇಕು.
ಬೈಯುತ್ತಾರೆ ಅಂದುಕೊಂಡೆ.
ಮೇಡಂ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

ಒಂದು ಮಿನುಗು.
ಆಮೇಲೆ ನಾಲ್ಕು.
ಆಮೇಲೆ ಎಣಿಕೆ ತಪ್ಪಿತು.

"ಹೆಪ್ಪು!" ಅಂದೆ. ಅವರಿಗೆ ತಿಳಿಯಲಿಲ್ಲ.
"ವಿರ್ಜಣ" ಅಂದೆ. ತಿಳಿಯಿತು.
ಇಂಡಿಯಿಂದ ಬಂದ ಮೊದಲ ವಾರ ಕಲಿತ ಮರಾಠಿ ಅದು:
ಕಾದಾರಿದ ಹಾಲು ಒಲೆಯ ಪಕ್ಕ,
ನಾನು ಖಾಲಿ ಬಟ್ಟಲು ಹಿಡಿದು ಚಾಳಿನ ಬಾಗಿಲಲ್ಲಿ ಮೂಕ,
ಗಾವಡೆ ಆಜಿ ಒಂದು ಚಮಚ ಹಾಕಿ
ಹೆಸರೂ ಹೇಳಿಕೊಟ್ಟಿದ್ದಳು.

ಆದರೆ ಮೊಸರಿನ ಹಾಗಲ್ಲ ಇದು.
ಹರಳು ತನ್ನ ಆರು ಮೂಲೆ ಚಾಚುವಾಗ
ಸುತ್ತಲಿನ ಹನಿಗಳು ಸದ್ದಿಲ್ಲದೆ ಒಣಗುತ್ತವೆ,
ಅವುಗಳ ಆವಿಯೇ ಇದಕ್ಕೆ ಊಟ.
ಬೂದು ಹೋಗಿ ಪೆಟ್ಟಿಗೆ ತಿಳಿಯಾಯಿತು,
ತಳದಲ್ಲಿ ಚಿಟಿಕೆ ಬಿಳಿ.
ಮೇಡಂ ಹೊತ್ತು ಬರೆದುಕೊಂಡರು. ನಾನು ಬಿಲ್ಲು ಬರೆದೆ.

ಹೊರಗೆ ವೈಶಾಖದ ಸಂಜೆ.
ಸಿಂಹಗಡದ ಮೇಲೆ ಮೋಡವೊಂದು
ಕಮ್ಮಾರನ ಅಡಿಗಲ್ಲಿನಂತೆ ತಲೆ ಚಪ್ಪಟೆ ಮಾಡಿಕೊಂಡಿತ್ತು.
ಆ ಎತ್ತರದಲ್ಲಿ, ಮೈನಸ್ ಮೂವತ್ತೆಂಟು ದಾಟಿದರೆ,
ಹೆಪ್ಪೂ ಬೇಡವಂತೆ, ಧೂಳೂ ಬೇಡವಂತೆ,
ನೀರು ತಾನೇ ಸೋಲುತ್ತದಂತೆ.
ಅದಕ್ಕಿಂತ ಕೆಳಗಿನದು ಮಾತ್ರ
ಯಾರದೋ ಬಾಗಿಲಲ್ಲಿ ಬಟ್ಟಲು ಹಿಡಿದು ನಿಲ್ಲಬೇಕು.

ಗಾಡಿಯ ಸೀಟಿಗೆ ಟಪ್ಪೆಂದು ಬಿತ್ತು ಆಣೆಕಲ್ಲು,
ಕಡಲೆಗಿಂತ ದಪ್ಪ, ನಡುವೆ ಮಸಕು.
ಬಾಯಿಗೆ ಹಾಕಿಕೊಂಡೆ.
ಯಾವ ಊರಿನ ಧೂಳೋ,
ನಾಲಗೆಗೆ ತಿಳಿಯಲಿಲ್ಲ.