ಪಾತ್ರ ಹಂಚಿಕೆ

ನಮ್ಮ ದ್ವೀಪಕ್ಕೆ ಸಿನಿಮಾ ಲಾರಿಯಲ್ಲಿ ಬರುತ್ತದೆ,
ವರ್ಷಕ್ಕೆರಡು ಸಲ, ಹಡಗು ಮನಸ್ಸು ಮಾಡಿದರೆ.
ಆರ್ಕ್ನಿಯ ಗಾಳಿಗೆ ಬೆನ್ನು ಕೊಟ್ಟು
ಶಾಲೆಯ ಹಿಂದೆ ನಿಂತು ಮಗ್ಗುಲು ಬಿಚ್ಚಿಕೊಂಡರೆ
ಎಂಬತ್ತು ಕುರ್ಚಿ, ಒಂದು ಪರದೆ,
ಒದ್ದೆ ಉಣ್ಣೆಯ ವಾಸನೆ.

ಆವತ್ತು ಮೂರನೆಯ ಭಾಗ.
ಹಿಮದ ರಾಣಿ ಆಗಲೇ ಇಬ್ಬರನ್ನು ಕಲ್ಲಾಗಿಸಿದ್ದಳು.
ಮಾಂತ್ರಿಕ ದಂಡ ಎತ್ತಿದ, ಬಾಯಿ ತೆರೆದ,
ಜನರೇಟರ್ ಎರಡು ಸಲ ಕೆಮ್ಮಿ
ಸುಮ್ಮನಾಯಿತು.

ಡ್ರೈವರ್ ಟಾರ್ಚು ಹಿಡಿದು ಹೊರಗೆ ಹೋದ.
ಹಿಂದೆಯೇ ಗೊಣಗುತ್ತ ಎದ್ದ ಮ್ಯಾನ್ಸಿ ಫ್ಲೆಟ್,
ದೋಣಿ ಎಂಜಿನ್ನುಗಳ ವೈದ್ಯ.
ಕತ್ತಲಲ್ಲಿ ಸಿಬೆಲ್ಲಾಳ ದನಿ:
"ಆ ನಟನಿಗೆ ಅಷ್ಟು ದುಡ್ಡು ಯಾಕೆ ಸುರಿದರೋ!
ನಮ್ಮ ಮ್ಯಾನ್ಸಿಯನ್ನು ನಿಲ್ಲಿಸಿದ್ದರೆ ಸಾಲದೇ?
ಗಡ್ಡ ಬಾಡಿಗೆಯದಲ್ಲ.
ಬೈಗುಳವೇ ಮಂತ್ರ. ಅವನು ಬೈದರೆ
ಸತ್ತ ಮೋಟಾರು ಎದ್ದು ಕೂರುತ್ತದೆ."

ಶುರುವಾಯಿತು ನೋಡಿ.

ರಾಕ್ಷಸರ ಸೈನ್ಯಕ್ಕೆ ನಮ್ಮ ಫುಟ್‌ಬಾಲ್ ತಂಡ,
ಮೇಕಪ್ಪಿನ ಖರ್ಚು ಪೂರಾ ಉಳಿತಾಯ.
ಮಾತು ಕೊಟ್ಟು ತಪ್ಪುವ ಮಂತ್ರಿಗೆ
ರಸ್ತೆ ಹಾಕಿಸುತ್ತೇನೆಂದ ಕೌನ್ಸಿಲರ್,
ಅವರಿಗೆ ತಾಲೀಮೂ ಬೇಡ.
ಮಾತಾಡುವ ಕಾಗೆ ಯಾರು?
ಯಾರೂ ಹೆಸರು ಹೇಳಲಿಲ್ಲ. ಕತ್ತಲಲ್ಲೇ ಎಲ್ಲರ ಮುಖ
ಅಂಗಡಿಯ ಜೆಸ್ಸಿ-ಆನ್ ಕಡೆ ತಿರುಗಿತು.
"ನೋಡ್ತಾ ಇದ್ದೀರಿ ಅಂತ ಗೊತ್ತು" ಅಂದಳು.

"ಹಿಮದ ರಾಣಿ ಅಂದರೆ ಇಸ್‌ಬಿಸ್ಟರ್ ಟೀಚರ್.
ಅವರ ಒಂದೇ ನೋಟಕ್ಕೆ ಬಟ್ಟಲ ಚಹಾ
ಗಡ್ಡೆ ಕಟ್ಟಿದ್ದು ನಾನು ಕಣ್ಣಾರೆ ಕಂಡಿದ್ದೇನೆ."
"ಕಂಡಿದ್ದೀಯಪ್ಪ, ನಿನ್ನ ಮನೆಪಾಠ ಮಾತ್ರ
ನಾನು ಒಂದು ದಿನವೂ ಕಾಣಲಿಲ್ಲ,"
ಮೂರನೇ ಸಾಲಿನಿಂದ ಉತ್ತರ ಬಂತು.

ಡ್ರ್ಯಾಗನ್ನಿಗೆ ಚರ್ಚೆಯೇ ಇಲ್ಲ, ನಮ್ಮ ಹಡಗೇ.
ಹೊಗೆ ಬಿಡುತ್ತದೆ, ಊಳಿಡುತ್ತದೆ,
ಸೋಮವಾರ ಬರುತ್ತೇನೆಂದು ಗುರುವಾರ ಬರುತ್ತದೆ,
ಬಂದದ್ದೇ ಬಾಯಿ ಅಗಲಿಸಿ
ದಡದ ಮೇಲೆ ಕುರಿಗಳನ್ನು ಕಕ್ಕುತ್ತದೆ.

ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದ್ದಾಗ
ಎರ್ಲೆಂಡ್, ಒಂಬತ್ತು ವರ್ಷದವನು,
ಕತೆಯನ್ನೆಲ್ಲ ಮೊದಲೇ ಓದಿಕೊಂಡವನು, ಕೇಳಿದ:
"ಎರಡನೇ ಭಾಗದಲ್ಲಿ ಕಡಲಲ್ಲಿ ಮುಳುಗಿದ ದೊರೆ?
ಆ ಪಾತ್ರ ಯಾರಿಗೆ?"

ಪಾಪ್‌ಕಾರ್ನ್ ಪೊಟ್ಟಣಗಳ ಸದ್ದು ನಿಂತಿತು.
ಹೊರಗೆ ಸ್ಪ್ಯಾನರ್ ಒಂದು ಕಲ್ಲಿಗೆ ಬಿತ್ತು.

"ನಮ್ಮ ಸ್ಟ್ಯೂವರ್ಟ್ ಖಾಲಿ ಇದ್ದಾನೆ,"
ಅಂದಳು ಥೋರಾ ರೆಂಡಲ್,
"ಹನ್ನೊಂದು ಚಳಿಗಾಲದಿಂದ.
ಈಜು ಬಾರದು, ಹೇಳಿ ಮಾಡಿಸಿದ ಪಾತ್ರ.
ಸಂಭಾಷಣೆ ಮಾತ್ರ ಕಡಿಮೆ ಇಡಿ,
ಮದುವೆಯ ದಿನವೇ ಪ್ರಮಾಣದ ಮಾತು ಮರೆತವನು."

ಯಾರೂ ನಗಲಿಲ್ಲ. ಅವಳೇ ನಕ್ಕಳು.
ಆಮೇಲೆ ನಾವು,
ಪಾಚಿಗಟ್ಟಿದ ಮೆಟ್ಟಿಲಿಳಿಯುವವರ ಹಾಗೆ
ಒಬ್ಬರ ಹಿಂದೊಬ್ಬರು.

ಹೊರಗೆ ಮ್ಯಾನ್ಸಿ ಏನೋ ಬೈದ, ಬೆಳಕು ಬಂತು.
ಪರದೆಯ ಮಾಂತ್ರಿಕ ತನ್ನ ಮಂತ್ರ ಮುಗಿಸಿದ.
ಒಳ್ಳೆಯ ನಟನೇ, ಪಾಪ,
ಆದರೆ ದಂಡ ಹಿಡಿದ ಬೆರಳಿಗೆ ಗ್ರೀಸು ಹತ್ತಿರಲಿಲ್ಲ.
ರಾಣಿ ಕಣ್ಣು ಕೆಕ್ಕರಿಸಿದಾಗ ಎಂಬತ್ತು ಜನ
ಮೂರನೇ ಸಾಲಿನತ್ತ ಕಳ್ಳನೋಟ ಬೀರಿದೆವು.

ಕೊನೆಯ ದೃಶ್ಯದಲ್ಲಿ ದೊರೆ ತಿರುಗಿ ಬರುತ್ತಾನೆಂದು
ನಮಗ್ಯಾರಿಗೂ ಗೊತ್ತಿರಲಿಲ್ಲ.
ಎರ್ಲೆಂಡ್ ಓದಿದ್ದ. ಅದಕ್ಕೇ ಕೇಳಿದ್ದನೇನೋ.
ಅಲೆ ಸೀಳಿಕೊಂಡು ಎದ್ದು ಬಂದ,
ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು,
ತುತ್ತೂರಿಯೋ ತುತ್ತೂರಿ.
ಥೋರಾ ಮುಂದಕ್ಕೆ ಬಾಗಿ ಕನ್ನಡಕ ಸರಿಮಾಡಿಕೊಂಡಳು.
ತುಂಬ ಹೊತ್ತು ನೋಡಿದಳು.
"ಅಲ್ಲ," ಅಂದಳು ಮೆಲ್ಲಗೆ,
"ನಡಿಗೆ ಬೇರೆ."

ಮರುದಿನ ಆಗ್ನೇಯದ ಗಾಳಿ, ಡ್ರ್ಯಾಗನ್ ಬರಲಿಲ್ಲ.
ಅದರ ಮರುದಿನವೂ.
ಲಾರಿಯ ಡ್ರೈವರ್ ಸಿಬೆಲ್ಲಾಳ ಅಡುಗೆಮನೆಯಲ್ಲಿ
ನಾಲ್ಕು ಹೊತ್ತು ಏಡಿ ತಿಂದು
ಕಿಟಕಿಯಿಂದ ಕಡಲು ನೋಡುತ್ತ ಕೂತ.
ಮುಂದಿನ ಭಾಗಕ್ಕೆ
ಸೆರೆಯಾಳಿನ ಪಾತ್ರ ಅವನಿಗೇ ಎಂದಾಯಿತು.